ಪರದೆಯೊಳಗಿನ ಮುದುಕಿಯ ಊಟ

ತೊಂಬತ್ತರ ದಶಕದ ಕೊನೆಯಲ್ಲಿ ಗುಂಡ್ಲುಪೇಟೆಗೆ ಕಂಪ್ಯೂಟರ್ ಕ್ಲಾಸ್ ಬಂತು. ನಮ್ಮೂರು ಹಂಗಳದಿಂದ ದಿನಾ ಬಸ್ಸಿನಲ್ಲಿ ಹೋಗಿ ನಾನು ಕಲಿತದ್ದು ಟೈಪಿಂಗ್‌ಗಿಂತ ಗೇಮೇ ಹೆಚ್ಚು. ಪಾಠ ಮುಗಿದ ಮೇಲೆ ಮೇಡಂ ಅರ್ಧ ಗಂಟೆ ಆಡಲು ಬಿಡುತ್ತಿದ್ದರು. ಒಂದು ದೊಡ್ಡ ರಾಜ್ಯ, ಕತ್ತಿ ಹಿಡಿದ ಒಬ್ಬ ವೀರ. ಅವನನ್ನು ಬೆಟ್ಟ, ಹೊಳೆ, ಕಾಡು ಎಲ್ಲಿಗೆ ಬೇಕಾದರೂ ನಡೆಸಬಹುದು. ಜಾಗಕ್ಕೇನೂ ಕೊರತೆಯಿರಲಿಲ್ಲ, ಕತೆಗೆ ಮಾತ್ರ ಬರ. ಯಾವ ಊರಿಗೆ ಹೋದರೂ ಜನ ಕಂಬ ನೆಟ್ಟ ಹಾಗೆ ನಿಂತಿರುತ್ತಿದ್ದರು. ಮಾತಾಡಿಸಿದರೆ ಒಬ್ಬೊಬ್ಬರದೂ ಒಂದೇ ವಾಕ್ಯ. ನಮ್ಮ ವೀರ ಮನೆಗೆ ನುಗ್ಗಿ ಪೆಟ್ಟಿಗೆ ತೆಗೆದು ಸಾಮಾನು ಎತ್ತಿಕೊಂಡರೂ ಮನೆಯವರು 'ಯಾರಪ್ಪ ನೀನು' ಅನ್ನುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಅವ್ವ ಚೆಂಡು ಹೂವಿನ ಹೊಲದ ಬದುವಿನಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದಳು. ಕೂಲಿಗೆ ಹೋಗಿ ನಾಲ್ಕು ಜನರ ಜೊತೆ ಹರಟಿಕೊಂಡಿದ್ದ ಜೀವ, ಗೋಡೆ ನೋಡುತ್ತ ಮಂಕಾಗಿ ಹೋಯಿತು. ಊಟವನ್ನೂ ಬಿಡತೊಡಗಿದಳು. ಏನಾದರೂ ಮಾಡಿ ಅವಳನ್ನು ಎಬ್ಬಿಸಬೇಕೆಂದು ಸಂಜೆ ಗೇಮಿನ ಕತೆ ಹೇಳಲು ಕೂತೆ. ನಮ್ಮ ಕಡೆ ಕತೆ ಕೇಳುವವರು ಮಾತುಮಾತಿಗೂ 'ಹ್ಞೂಂ' ಅನ್ನಬೇಕು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೊದ್ದರಂತೆ ಅನ್ನುತ್ತಾರೆ. ಅವ್ವನಿಗೆ ಏಳುವ ಶಕ್ತಿಯಿರಲಿಲ್ಲ, ಎರಡೇ ನಿಮಿಷಕ್ಕೆ ಹ್ಞೂಂ ನಿಲ್ಲಿಸಿದಳು. ಮಾರನೆಯ ದಿನದಿಂದ ನಾನೇ ಬಣ್ಣ ಹಚ್ಚಿದೆ.

ಆಟದಲ್ಲಿ ಕಾಡಂಚಿನ ಊರಲ್ಲೊಬ್ಬಳು ಮುದುಕಿಯಿದ್ದಳು. 'ಕಾಡಿಗೆ ಹೋದ ನನ್ನ ಮಗ ಬಂದಿಲ್ಲ' ಎನ್ನುವುದಷ್ಟೇ ಅವಳ ಮಾತು. ನಾನು ಅವಳಿಗೆ ಒಂದು ಕುಂಟು ಮೇಕೆ, ಜಗಳಗಂಟಿ ವಾರಗಿತ್ತಿ, ಮಗನ ಪಾಲಿನ ಮುದ್ದೆಯನ್ನು ದಿನಾ ಎತ್ತಿಡುವ ಅಭ್ಯಾಸ ಎಲ್ಲ ಕೊಟ್ಟೆ. ಅವ್ವ ಎದ್ದು ಕೂತಳು. ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತಾದ್ರೂ ಬಂದ್ನಾ ಅವಳ ಮಗ?" ಎಂದು ಕೇಳುತ್ತಿದ್ದಳು. ಹ್ಞೂಂಗುಟ್ಟುತ್ತ ತಟ್ಟೆ ಖಾಲಿ ಮಾಡುತ್ತಿದ್ದಳು.

ಮೂಳೆ ಕೂಡಿದ ಮೇಲೆ ಆಸ್ಪತ್ರೆಗೆ ತೋರಿಸಲು ಗುಂಡ್ಲುಪೇಟೆಗೆ ಹೋದೆವು. ಅಲ್ಲಿ ಅವ್ವ ಹಟ ಹಿಡಿದಳು.

"ಆ ವಮ್ಮನ್ನ ಒಂದ್ಸಲ ನೋಡ್ಬುಟ್ಟು ಓಗನ ಕಣಮ್ಮಿ."

ಬೇಡವೆನ್ನಲು ನೆವ ಸಿಗಲಿಲ್ಲ. ಕ್ಲಾಸಿನಲ್ಲಿ ಮೇಡಂ ಕುರ್ಚಿ ಹಾಕಿಕೊಟ್ಟರು. ಪರದೆಯಲ್ಲಿ ಮುದುಕಿ ನಿಂತಿದ್ದಳು. ಯಾರನ್ನು ಕಂಡರೂ ಕೇಳುವುದನ್ನೇ ಅವ್ವ ಮೊದಲು ಕೇಳಿದಳು: "ಉಂಡ್ರಾ ಅಂತ ಕೇಳಮ್ಮಿ."

ಆಟದಲ್ಲಿ ಹಾಗೆ ಕೇಳಲು ಬರುತ್ತಿರಲಿಲ್ಲ. ಆದರೂ ಗುಂಡಿ ಒತ್ತಿದೆ. ಇಂಗ್ಲಿಷಿನಲ್ಲಿ ಅದೇ ಸಾಲು ಬಂತು. ಅವ್ವನಿಗೆ ಓದು ಬಾರದೆಂಬ ಧೈರ್ಯದ ಮೇಲೆ, "ಈಗ್ತಾನೆ ಉಂಡ್ಳಂತೆ" ಎಂದೆ.

"ಮೇಕೆ ಎಲ್ಲಿ ಅನ್ನು."

ಒತ್ತಿದೆ. "ಮೇಯಕ್ ಓಗ್ಯದಂತೆ."

"ಮಗ?"

ಮತ್ತೆ ಒತ್ತಿದೆ. ಅವ್ವ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಮೂರ್ ಸಲಾನೂ ಅದೇ ಅಕ್ಸರ ಬಂದೊ. ನಂಗೆ ಓದಕ್ ಬರಲ್ಲ ಕಣಮ್ಮಿ, ಕಣ್ಣು ಕಾಣ್ತವೆ."

ನನಗೆ ಅಳು ಬಂತು. ಮೇಕೆಯೂ ಸುಳ್ಳು, ಮುದ್ದೆಯೂ ಸುಳ್ಳು ಎಂದು ಅಲ್ಲೇ ಒಪ್ಪಿಕೊಂಡೆ. ಅವ್ವ ಕುರ್ಚಿಯಿಂದ ಎದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿದೆ.

ಮನೆಗೆ ಬಂದು ಅವ್ವ ಎರಡು ತಟ್ಟೆ ಇಟ್ಟಳು. ಮುದ್ದೆ ಮುರಿಯುತ್ತ ಹೇಳಿದಳು: "ಆ ಡಬ್ಬದೊಳಗಿರೋಳು ಯಾರೋ ಏನೋ, ಪಾಪ, ಅವಳ್ಗೆ ಒಂದ್ ಮೇಕೆನೂ ಇಲ್ಲ. ನಮ್ಮೋಳ ಮಗ ಬಂದ್ನಾ ಇಲ್ವಾ, ಅದ್ನ ಯೋಳು."

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅವ್ವ ಆಗಲೇ "ಹ್ಞೂಂ" ಅಂದಳು.