ಅವ್ವ ಹೂಂಗುಟ್ಟಿದ ಲೋಕ

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಬರೆದು ಪಳಗಿದವನಲ್ಲ. ಶಾಲೆಗೆ ಸೇರಿದ್ದೇ ತಡವಾಗಿ, ಹತ್ತನೇ ತರಗತಿ ಪಾಸಾದದ್ದು ಮದುವೆಯಾದ ಮೇಲೆ. ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತೇನೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತು ಅರ್ಧ ಮರೆತುಹೋಗಿರುತ್ತದೆ. ತಮಿಳು, ತೆಲುಗಿನ ನಡುವೆ ಬೆಳೆದ ಬಾಯಿ ನನ್ನದು, ಅವೂ ನಡುನಡುವೆ ನುಸುಳಿರಬಹುದು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಂಡು ಮುಂದಕ್ಕೆ ಓದಿ.

ಹದಿಹರೆಯದ ಮಕ್ಕಳಿಗಾಗಿ ನಾನೊಂದು ಕಾದಂಬರಿ ಬರೆಯಲು ಕೂತಿದ್ದೆ. ಈ ಲೋಕದ್ದಲ್ಲದ ಇನ್ನೊಂದು ಲೋಕದ ಕತೆ. ಅದನ್ನು ಕಟ್ಟುವಾಗ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳುತ್ತೇನೆ.

ಶುರು ಮಾಡಿಸಿದವಳು ನನ್ನ ಮಗಳು. ಆಗ ಹನ್ನೊಂದನೇ ಕ್ಲಾಸಿನಲ್ಲಿದ್ದಳು. ಶಾಲೆಯ ಲೈಬ್ರರಿಯಿಂದ ಇಟ್ಟಿಗೆಯಂಥ ಇಂಗ್ಲಿಷ್ ಪುಸ್ತಕಗಳನ್ನು ತಂದು, ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದುವಳು. ಒಂದು ದಿನ ಪುಸ್ತಕ ಮುಚ್ಚಿ ಹೇಳಿದಳು:

"ಅಪ್ಪಾ, ಇವರ ಲೋಕದಲ್ಲಿ ಎಲ್ಲಾ ಐತೆ. ಹಾರೋ ಕುದುರೆ ಐತೆ, ಮಾತಾಡೋ ಕತ್ತಿ ಐತೆ. ಮುದ್ದೆ ಮಾತ್ರ ಇಲ್ಲ. ನೀನು ಬರಿ."

"ನಾನಾ? ಫ್ಯಾಕ್ಟರಿ ಸ್ಟೋರಲ್ಲಿ ನಟ್ಟು ಬೋಲ್ಟು ಎತ್ತಿಕೊಡೋನು ಕಣಮ್ಮ ನಾನು."

"ಅದಕ್ಕೇನು? ಅಲ್ಲಿ ಎಲ್ಲಿ ಏನೈತೆ ಅಂತ ನಿಂಗೊತ್ತಲ್ಲ. ಲೋಕನೂ ಹಂಗೇ, ಹೋಗಪ್ಪಾ."

ಬೇಡವೆನ್ನಲಾಗಲಿಲ್ಲ. ನನ್ನ ಮನಸ್ಸಿನಲ್ಲಿ ಆಗಲೇ ಒಬ್ಬ ಹುಡುಗಿ ಇದ್ದಳು.

ಅವಳು ನನ್ನ ಅವ್ವನ ತಂಗಿ. ನಾನು ನೋಡದ ಚಿಕ್ಕಮ್ಮ. ಅವ್ವನ ತವರು ಸಾನಮಾವು ಕಾಡಿನ ಅಂಚಿನ ಹಳ್ಳಿ. ಅಲ್ಲಿ ಈ ಹುಡುಗಿ ಲಂಗ ತೊಡುವ ವಯಸ್ಸಿನಲ್ಲಿ ಜ್ವರ ಬಂದು ಮಲಗಿದಳಂತೆ. ಗಾಡಿ ಕಟ್ಟಿ ಹೊಸೂರು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಹೋಗಿಬಿಟ್ಟಳು. ಫೋಟೋ ಇಲ್ಲ, ಅವಳ ಒಂದು ಬಟ್ಟೆಯೂ ಉಳಿದಿಲ್ಲ. ಅವಳನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವುದು ನನ್ನ ಅವ್ವ ಮಾತ್ರ. ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಇಷ್ಟು ವರ್ಷದಲ್ಲಿ ಆ ತಂಗಿಯ ಬಗ್ಗೆ ಅವಳು ಮಾತಾಡಿದ್ದು ಬಹಳ ಕಡಿಮೆ.

ನನ್ನ ಕತೆಯಲ್ಲಿ ಆ ಹುಡುಗಿ ಸಾಯುವುದಿಲ್ಲ. ಜ್ವರದಲ್ಲೇ ಎದ್ದು ಊರ ಕೆರೆಗಿಳಿಯುತ್ತಾಳೆ. ಕೆರೆಯ ಕೆಳಗೆ ಇನ್ನೊಂದು ಊರಿದೆ. ಅಲ್ಲಿ ರಾಗಿ ತಲೆಕೆಳಗಾಗಿ ಬೆಳೆಯುತ್ತದೆ, ಆನೆಗಳು ನ್ಯಾಯ ಹೇಳುವ ಹಿರಿಯರು. ಇಷ್ಟು ಹೇಳಿದೊಡನೆ ಮಗಳು ಹಿಡಿದುಕೊಂಡಳು.

"ಕೆರೆ ಕೆಳಗೆ ಊರು, ಸರಿ. ಉಪ್ಪೆಲ್ಲಿಂದ ಬತ್ತದೆ?"

"ಉಪ್ಪು ಯಾಕಮ್ಮ ಕತೆಗೆ?"

"ಉಪ್ಪಿಲ್ದೆ ಸಾರು ಮಾಡ್ತಾರಾ? ಸಂತೆ ಐತಾ ಅಲ್ಲಿ? ಯಾರು ತಂದು ಮಾರ್ತಾರೆ? ಓದೋರು ಮೊದ್ಲು ಇದನ್ನೇ ಕೇಳೋದು. ಒಂದು ಕಡೆ ಸುಳ್ಳು ಅಂತ ಗೊತ್ತಾಯ್ತೋ, ಮುಚ್ಚಿಟ್ಟು ಹೋಗ್ತಾರೆ."

ಹಾಗೆ ನನ್ನ ಹುಡುಕಾಟ ಆರಂಭವಾಯಿತು. ರಜೆ ಸಿಕ್ಕ ಭಾನುವಾರ ಬೈಕ್ ತೆಗೆದುಕೊಂಡು ಸಾನಮಾವು ಕಡೆ ಹೋಗುತ್ತಿದ್ದೆ. ಕಾಡಿನ ಪಕ್ಕದ ಹೊಲಗಳ ಬದುವಿನ ಮೇಲೆ ಕೂರುತ್ತಿದ್ದೆ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಏನು ಕೇಳಿಸುತ್ತದೆ ಎಂದು ನೋಡುತ್ತಿದ್ದೆ. ರಾಗಿ ಹೊಲ ಕಾಯುವ ಹಿರಿಯರೊಬ್ಬರನ್ನು ಒಮ್ಮೆ ಕೇಳಿದೆ, ಆನೆ ಬಂದದ್ದು ಕತ್ತಲಲ್ಲಿ ಹೇಗೆ ಗೊತ್ತಾಗುತ್ತದೆ ಎಂದು. ಅವರು ತುಟಿಯ ಮೇಲೆ ಬೆರಳಿಟ್ಟರು.

"ಹೊಲದಾಗೆ ಆ ಹೆಸ್ರು ಎತ್ಬೇಡಪ್ಪ. ದೊಡ್ಡೋರು ಅನ್ನು. ದೊಡ್ಡೋರು ಬಂದ್ರೆ ಮೊದ್ಲು ನಾಯಿ ಸುಮ್ಕಾಗ್ತವೆ. ಆಮೇಲೆ ವಾಸ್ನೆ."

"ಎಂಥಾ ವಾಸನೆ ಅಣ್ಣ?"

"ನೆಂದ ಕಂಬ್ಳಿ ವಾಸ್ನೆ, ಹಸಿ ಸೊಪ್ಪಿನ ವಾಸ್ನೆ, ಎರಡೂ ಕಲ್ಸಿದಂಗೆ. ಯಾಕೆ, ಫಾರೆಸ್ಟಿನೋರಾ ನೀವು?"

"ಇಲ್ಲಣ್ಣ, ಕತೆ ಬರೀತೀನಿ. ಮಕ್ಕಳಿಗೆ."

ಅವರು ಕಳೆ ಕೀಳುತ್ತಿದ್ದ ಹೆಂಡತಿಯನ್ನು ಕೂಗಿದರು. "ಬಾಮ್ಮೀ ಇಲ್ಲಿ! ಇವ್ರು ದೊಡ್ಡೋರ ವಾಸ್ನೆ ಹಿಡ್ಕೊಂಡೋಗಾಕೆ ಬಂದವ್ರೆ. ಒಂದು ಚೀಲ ಕೊಡು!"

ಮೂವರೂ ನಕ್ಕೆವು. ಆ ನಗು ಇನ್ನೂ ಕಿವಿಯಲ್ಲಿದೆ. ಆ ಭಾನುವಾರಗಳಲ್ಲಿ ನಾನು ಸುಖವಾಗಿದ್ದೆ.

ಉಳಿದದ್ದಕ್ಕೆ ಅವ್ವನೇ ಆಧಾರ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನಬಾರದು, 'ಲಾಭ' ಎನ್ನಬೇಕು. ಆಮೇಲೆ ಎರಡು, ಮೂರು ಎಂದಳು. ಮಗಳಿಗೆ ಅದು ಬಹಳ ಹಿಡಿಸಿತು. "ಹಂಗಾದ್ರೆ ಕೆರೆ ಕೆಳಗಿನ ಊರಲ್ಲಿ ಒಂದು ಅನ್ನೋ ಲೆಕ್ಕನೇ ಬೇಡ. ಅಲ್ಲಿ ಯಾರೂ ಒಂಟಿಯಾಗಿರಲ್ಲ," ಎಂದು ಅವಳೇ ಕಾನೂನು ಮಾಡಿದಳು. ಉಪ್ಪಿಗೂ ಅವಳೇ ದಾರಿ ಹುಡುಕಿದಳು. ಮೇಲಿನ ಊರಿನವರು ಅತ್ತ ಕಣ್ಣೀರು ಕೆರೆಗಿಳಿದು ಅಲ್ಲಿ ಉಪ್ಪಾಗುತ್ತದಂತೆ. ಹೆಚ್ಚು ಅಳುವ ಊರಿನ ಕೆಳಗೆ ಉಪ್ಪು ಅಗ್ಗ!

ಬರೆದದ್ದನ್ನು ಸಂಜೆ ದೀಪ ಹಚ್ಚಿದ ಮೇಲೆ ಓದುತ್ತಿದ್ದೆ. ಅವ್ವನಿಗೆ ಓದು ಬರುವುದಿಲ್ಲ. ನಮ್ಮ ಕಡೆ ಕತೆ ಹೇಳಬೇಕಾದರೆ ಕೇಳುವವರು ಹೂಂಗುಟ್ಟಬೇಕು. ಒಂದೊಂದು ಮಾತಿಗೂ 'ಹೂಂ' ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಅವ್ವ ಗೋಡೆಗೆ ಒರಗಿ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಹೂಂಗುಟ್ಟುತ್ತಿದ್ದಳು. ತಂಗಿ ಕೆರೆಗಿಳಿದ ಭಾಗ ಓದಿದಾಗ ಅವಳ ಹೂಂ ಬಹಳ ಮೆತ್ತಗಾಯಿತು. ಅಳಲಿಲ್ಲ. "ಹಂಗಾದ್ರೆ ಸತ್ತಿಲ್ಲ ಅನ್ನು," ಎಂದಳು. "ಕತೇಲಿ ಸತ್ತಿಲ್ಲವ್ವ," ಎಂದೆ.

ಆ ಹೊತ್ತಿಗೆ ಅವ್ವನಿಗೆ ಮರೆವು ಕಾಣಿಸಿಕೊಂಡಿತ್ತು. ಸಾರಿಗೆ ಎರಡು ಸಲ ಹುಣಸೆ ಹಿಂಡುವಳು, ಬೀದಿಯ ಹೆಸರು ತಪ್ಪುವಳು. ಡಾಕ್ಟರು ಪರೀಕ್ಷೆ ಮಾಡಿ, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ನಿಧಾನವಾಗಿ ಮುಂದಕ್ಕೇ ಹೋಗುತ್ತದೆ ಎಂದರು. ಹಳೆಯ ದಿನಗಳ ಬಗ್ಗೆ ಮಾತಾಡಿಸುತ್ತಿರಿ, ಒಳ್ಳೆಯದು ಎಂದರು. ನನಗೆ ಧೈರ್ಯ ಬಂತು. ನನ್ನ ಕತೆಯೇ ಔಷಧಿಯಾಯಿತಲ್ಲ ಅಂದುಕೊಂಡೆ. ಒಂದು ಸಂಜೆಯೂ ಓದು ತಪ್ಪಿಸಲಿಲ್ಲ.

ಮೊದಲು ಗಮನಿಸಿದವಳು ಮಗಳು.

"ಅಪ್ಪಾ, ಅಜ್ಜಿ ಅವ್ರ ತಂಗಿಗೆ ಗದ್ದದ ಮೇಲೆ ಮಚ್ಚೆ ಇತ್ತು ಅಂತಾರೆ."

"ಅದು ನಾನು ಬರೆದದ್ದಲ್ವಾ?"

"ಅದಕ್ಕೇ ಹೇಳ್ದೆ."

ಆ ಹುಡುಗಿಯ ಮುಖ ಹೇಗಿತ್ತು ಎಂದು ಶುರುವಿನಲ್ಲಿ ನಾನು ಕೇಳಿದ್ದಾಗ ಅವ್ವ, "ಎಲ್ಲಿ ನೆಪ್ಪೈತೆ ಮಗ, ಏನೋ ಒಂದಿತ್ತು ಕಣ್ಣಾಗೆ," ಎಂದಿದ್ದಳು. ಆ 'ಏನೋ ಒಂದು' ಏನೆಂದು ತಿಳಿಯದೆ ನಾನು ಮಚ್ಚೆ ಇಟ್ಟೆ. ಈಗ ಕಣ್ಣಿನ ಮಾತು ಹೋಗಿ ಮಚ್ಚೆ ಉಳಿಯಿತು. ಕಣದ ಬಗ್ಗೆ ಕೇಳಿದರೂ ಹಾಗೆಯೇ, ನಾನು ಹುಟ್ಟಿಸಿದ್ದನ್ನೇ ನನಗೆ ತಿರುಗಿ ಹೇಳಿದಳು. ತಲೆಕೆಳಗಾದ ರಾಗಿಯನ್ನು ಅವಳು ಕೊಯ್ದಿದ್ದಳು. ಯಾವುದು ಅವಳದು, ಯಾವುದು ನನ್ನದು ಎಂದು ಬೇರೆ ಮಾಡಲು ನನಗೇ ಆಗದೆ ಹೋಯಿತು. ಓದುವುದನ್ನು ನಿಲ್ಲಿಸಿದೆ. ಆದರೆ ಅವ್ವ ನಿಲ್ಲಿಸಲಿಲ್ಲ.

ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ಕೂರತೊಡಗಿದಳು. ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಬೇರೆ ತಟ್ಟೆಗೆ ಇಡುವಳು.

"ಇದು ಯಾರಿಗವ್ವಾ?"

"ನಿನ್ ಚಿಕ್ಕಮ್ಮಂಗೆ ಕಣ್ಲಾ. ಕೆರೆ ಕೆಳಗಿಂದ ಬತ್ತಾಳಲ್ಲ, ಹಸ್ಕಂಡಿರ್ತಾಳೆ. ಬಾಗ್ಲು ಹಾಕ್ಬುಟ್ಟೀಯ."

ಒಂದು ದಿನ ನಾನು ಕೆಲಸದಲ್ಲಿದ್ದೆ. ಹೆಂಡತಿ ರೇಷನ್ ಅಂಗಡಿಗೆ ಹೋಗಿದ್ದಳು, ಮಗಳು ಶಾಲೆಯಲ್ಲಿದ್ದಳು. ಬೀದಿಯ ಕೊನೆಯಲ್ಲಿ, ನಮ್ಮೂರ ಕೆರೆಯ ಪಕ್ಕ ಪಂಕ್ಚರ್ ಹಾಕುವ ತಮಿಳು ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಪಾಟ್ಟಿ ತಣ್ಣಿಯಿಲ ಇರಂಗಿಟ್ಟಾಂಗ," ಎಂದ. ಅಜ್ಜಿ ನೀರಿಗಿಳಿದುಬಿಟ್ಟರು ಎಂದು. ನಾನು ಬರುವಷ್ಟರಲ್ಲಿ ಅವನೇ ಕೈ ಹಿಡಿದು ದಡಕ್ಕೆ ತಂದು ಕೂರಿಸಿದ್ದ. ಮೊಣಕಾಲಿನವರೆಗೆ ಸೀರೆ ನೆಂದಿತ್ತು. ಕೈಯಲ್ಲಿ ಮುದ್ದೆ ಇದ್ದ ತಟ್ಟೆ. ನನ್ನನ್ನು ನೋಡಿ ಬೈದಳು: "ನೀನೇ ಅಲ್ವಲಾ ಹೇಳಿದ್ದು, ಇಲ್ಲಿ ಮೆಟ್ಲು ಐತೆ ಅಂತ? ಎಲ್ಲೈತೆ ಮೆಟ್ಲು?"

ಮೆಟ್ಟಿಲು ಬರೆದವನು ನಾನೇ. ಓದುವ ಮಕ್ಕಳು ಕಾಲಿಟ್ಟಂತೆ ಅನಿಸಬೇಕೆಂದು ಪಾಚಿ, ಬಿರುಕು, ಮೂರನೆಯ ಮೆಟ್ಟಿಲಿನ ಅಲುಗಾಟ ಎಲ್ಲವನ್ನೂ ಇಟ್ಟಿದ್ದೆ.

ಅಂದು ಮನೆಗೆ ಕರೆತಂದು, ಸೀರೆ ಬದಲಿಸಿದ ಮೇಲೆ, ಎದುರಿಗೆ ಕೂತು ನಿಜ ಹೇಳಿದೆ. ಚಿಕ್ಕಮ್ಮ ಸತ್ತು ಬಹಳ ಕಾಲವಾಯಿತವ್ವ, ಜ್ವರ ಬಂದಿತ್ತು, ಗಾಡಿಯಲ್ಲೇ ಹೋದಳು ಎಂದು. ಅವ್ವ ಕೇಳಿದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು. ಈಗ ತಾನೇ ಸುದ್ದಿ ಕೇಳಿದವಳ ಹಾಗೆ. "ಯಾರ್ಲಾ ನೀರು ಹಾಕಿದ್ದು ಅವಳ ಬಾಯಿಗೆ? ನನ್ನ ಯಾಕ್ಲಾ ಕರೀಲಿಲ್ಲ?" ಎಂದಳು. ಗಾಡಿಯಲ್ಲಿ ಅವಳೂ ಇದ್ದಳಂತೆ, ತಂಗಿಯ ತಲೆ ಅವಳ ತೊಡೆಯ ಮೇಲೇ ಇತ್ತಂತೆ. ಹಿಂದೆ ಅವಳೇ ನನಗೆ ಹೇಳಿದ್ದಳು. ಅದನ್ನು ನಾನು ನೆನಪಿಸಲಿಲ್ಲ.

ಬೆಳಗಾದರೆ ಮರೆತಿದ್ದಳು. ಸಂಜೆ ಮತ್ತೆ ಗೇಟಿನ ಹತ್ತಿರ ಕೂತಳು. ನಾನು ಇನ್ನೊಮ್ಮೆ ಹೇಳಲು ಹೊರಟಾಗ ಹೆಂಡತಿ ತಡೆದಳು.

"ಸುಮ್ಕಿರ್ರೀ. ದಿನಾ ಒಂದು ಸಾವು ಮಾಡಾಕಾಯ್ತದಾ ಮನೇಲಿ?"

ಮಗಳು ಹೇಳಿದಳು, "ಅಪ್ಪಾ, ಹೋಗಿದ್ದು ಕತೇಲಿ. ಕತೇಲೇ ಬರ್ಲಿ. ಬರ್ದು ಕರ್ಕೊಂಡ್ ಬಾ. ಬಂದ್ಲು ಅಂತ ಗೊತ್ತಾದ್ರೆ ಅಜ್ಜಿ ಕೆರೆ ಕಡೆ ಹೋಗಲ್ಲ."

ಅದು ಸರಿ ಅನಿಸಿತು. ಎಷ್ಟು ತಿದ್ದಿದೆನೋ ನನಗೇ ಗೊತ್ತಿಲ್ಲ. ಚಿಕ್ಕಮ್ಮ ಕೆರೆಯಿಂದ ಎದ್ದು ಬರುತ್ತಾಳೆ. ಲಂಗದಿಂದ ನೀರು ಸೋರುತ್ತಿರುತ್ತದೆ. ಅಕ್ಕನ ಮನೆ ಹುಡುಕಿಕೊಂಡು ಮತ್ತಿಗಿರಿಗೆ ಬರುತ್ತಾಳೆ. ಫ್ಯಾಕ್ಟರಿ ಬಸ್ಸುಗಳನ್ನು ನೋಡಿ ಬೆರಗಾಗುತ್ತಾಳೆ. ಗೇಟಿನ ಹತ್ತಿರ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳುತ್ತಾಳೆ: ಅಲ್ಲಿ ಸುಖವಾಗಿದ್ದೆ, ದೊಡ್ಡೋರು ನನ್ನನ್ನು ಚೆನ್ನಾಗಿ ನೋಡಿಕೊಂಡರು, ನೀನು ನನಗಾಗಿ ಕಾಯಬೇಡ, ಇನ್ನು ನಿನ್ನೊಳಗೇ ಇರುತ್ತೇನೆ. ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿತ್ತು. ಟೈಪ್ ಮಾಡುವಾಗ ಕಣ್ಣು ಮಂಜಾಗಿ ಬೇರೆ ಬೇರೆ ಅಕ್ಷರ ಒತ್ತುತ್ತಿದ್ದೆ.

ದೀಪ ಹಚ್ಚಿ ಓದಿದೆ. ಹೆಂಡತಿ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಅವ್ವ ಹೂಂಗುಟ್ಟುತ್ತಾ ಬಂದಳು. ನೀರಿನಿಂದ ಎದ್ದದ್ದಕ್ಕೆ ಹೂಂ. ಬಸ್ಸಿಗೆ ಹೂಂ. ಗೇಟಿಗೆ ಬಂದದ್ದಕ್ಕೆ ಇನ್ನೂ ಗಟ್ಟಿ ಹೂಂ. ಕತೆಯಲ್ಲಿ ಆ ಹುಡುಗಿ ಅಕ್ಕನೊಡನೆ ಮಾತಾಡತೊಡಗಿದಳು. ಹೂಂ ನಿಂತಿತು.

"ಯಾಕವ್ವಾ?"

"ಇವ್ಳಲ್ಲ ಕಣ್ಲಾ."

"ಅವಳೇ ಅವ್ವ. ನಿನ್ನ ತಂಗಿ. ನೋಡು, ಮಚ್ಚೆ ಐತೆ."

"ಎಂಥಾ ಮಚ್ಚೆ? ನನ್ ತಂಗಿ ಹಿಂಗೆ ಮಾತಾಡ್ತಿರ್ಲಿಲ್ಲ. ಅವ್ಳಿಗೆ ಮಾತು ತಡೀತಿತ್ತು. ಬಾಯಿ ಬತ್ತಿರ್ಲಿಲ್ಲ. ನನ್ ಲಂಗ ಹಿಡ್ಕಂಡು ಎಳೆಯೋಳು. ಅವ್ಳ ಮಾತೆಲ್ಲ ನಾನೇ ಆಡ್ತಿದ್ದೆ. ಹಸಿವಾದ್ರೆ, ಇವ್ಳಿಗೆ ಹಸಿವು ಅಂತ ನಾನೇ ಹೇಳ್ಬೇಕು. ಗಾಡೀಲೂ ಎಳೀತಿದ್ಲು. ಏನ್ ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ ಮಗ, ಅವತ್ತೊಂದು ದಿನ ಗೊತ್ತಾಗ್ಲಿಲ್ಲ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ಆಡಿರಲಿಲ್ಲ. ನನ್ನ ಕಾದಂಬರಿಯಲ್ಲಿ ಆ ಹುಡುಗಿ ಮೊದಲ ಪುಟದಿಂದಲೂ ಪಟಪಟ ಮಾತಾಡುತ್ತಾಳೆ. ಆನೆಗಳ ಜೊತೆ ವಾದ ಮಾಡಿ ಗೆಲ್ಲುತ್ತಾಳೆ. ಅದಕ್ಕೆಲ್ಲ ಅವ್ವ ಹೂಂ ಅಂದಿದ್ದಳು, ತನ್ನೊಡನೆಯೇ ಮಾತಾಡಿದಾಗ ಮಾತ್ರ ತಡೆದಳು.

"ಇನ್ನೂ ಹೇಳವ್ವ. ಇನ್ನೇನು ಮಾಡ್ತಿದ್ಲು ಅವಳು?" ಎಂದೆ.

ಅವ್ವ ನನ್ನ ಮುಖ ನೋಡಿದಳು.

"ಯಾರು?"

ಅದೇ ಕೊನೆ. ಆಮೇಲೆ ಎಷ್ಟು ಕೇಳಿದರೂ ಬಾಯಿಗೆ ಬರುವುದು ಮಚ್ಚೆ, ಮೆಟ್ಟಿಲು, ತಲೆಕೆಳಗಾದ ರಾಗಿ. ಸಂಜೆ ಗೇಟಿನ ಹತ್ತಿರ ಕೂರುವುದು ಬಿಟ್ಟಿಲ್ಲ. ಗೇಟಿಗೆ ಬೀಗ ಹಾಕಿದ್ದೇವೆ. ಈಗ ಕಾಲೇಜಿಗೆ ಹೋಗುವ ಮಗಳು ತನ್ನ ಪುಸ್ತಕ ತಂದು ಅವಳ ಪಕ್ಕ ಕೂರುತ್ತಾಳೆ. ಕಾದಂಬರಿಯನ್ನು ಮೊದಲಿನಿಂದ ಬರಿ, ಮಾತು ತಡೆಯುವ ಹುಡುಗಿಯನ್ನೇ ಬರಿ ಎಂದು ಹೇಳುತ್ತಾಳೆ. ಕೂತು ನೋಡಿದೆ. ಅಕ್ಕನ ಲಂಗ ಹಿಡಿದು ಎಳೆಯುತ್ತಾಳೆ ಎಂದು ಟೈಪ್ ಮಾಡಿದೆ. ಅವಳಿಗೆ ಏನು ಬೇಕಿತ್ತು ಎಂದು ಬರೆಯಬೇಕು. ಅವ್ವನಿಗೇ ಗೊತ್ತಾಗದ್ದನ್ನು ನಾನು ಕಟ್ಟಿ ಹೇಳಲೇ? ಹೇಳಿದರೆ ಅವ್ವ ಅದಕ್ಕೂ ಹೂಂ ಅಂದುಬಿಟ್ಟರೆ? ಬೆರಳು ಮುಂದಕ್ಕೆ ಹೋಗುವುದಿಲ್ಲ.

ನಿಮ್ಮಲ್ಲಿ ಬರೆಯುವವರಿದ್ದೀರಿ, ಮರೆವಿನ ಹಿರಿಯರನ್ನು ನೋಡಿಕೊಳ್ಳುವವರೂ ಇದ್ದೀರಿ. ಮನೆಯವರ ಬದುಕಿನಿಂದ ತೆಗೆದು ಕತೆ ಕಟ್ಟಿದ ಮೇಲೆ, ಆ ಕತೆಯೇ ಬಂದು ಅವರ ನೆನಪಿನ ಜಾಗದಲ್ಲಿ ಕೂತದ್ದು ನಿಮ್ಮ ಮನೆಯಲ್ಲೂ ನಡೆದಿದೆಯೇ? ಬಾರದವರಿಗಾಗಿ ಕಾಯುವವರಿಗೆ ನೀವು ಸಂಜೆ ಏನು ಹೇಳುತ್ತೀರಿ? ತಿಳಿಸಿ. ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.