ಹನಿ ಮೇಷ್ಟ್ರು ಅಳೆಯದ ಅಂತರ

ಕಾಲೇಜಿನಲ್ಲಿ ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಜನರಿಗೆ ನೆನಪಾಗುತ್ತಿತ್ತು. ಉಳಿದ ದಿನವೆಲ್ಲ ಅವರು ಹನಿ ಮೇಷ್ಟ್ರು. ಭೌತಶಾಸ್ತ್ರದ ಪ್ರಯೋಗಾಲಯದ ಮೂಲೆಯಲ್ಲಿ ಕಪ್ಪು ಪರದೆ ಕಟ್ಟಿದ ಒಂದು ಗೂಡು, ಅದರೊಳಗೆ ಎಣ್ಣೆಹನಿಯ ಉಪಕರಣ. ಮೇಲೊಂದು ಕೆಳಗೊಂದು ಹಿತ್ತಾಳೆ ತಟ್ಟೆ, ಅವನ್ನು ದೂರ ಇಡಲು ನಡುವೆ ಬಳೆಯಂಥ ಒಂದು ಉಂಗುರ, ಪಕ್ಕದಲ್ಲಿ ಸೂಕ್ಷ್ಮದರ್ಶಕ. ಎಣ್ಣೆ ಚಿಮುಕಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಬೆಳಕಿನಲ್ಲಿ ಮಿನುಗುತ್ತ ಇಳಿಯುತ್ತವೆ. ತಟ್ಟೆಗಳಿಗೆ ವಿದ್ಯುತ್ ಕೊಟ್ಟು ಒಂದು ಹನಿಯನ್ನು ನಡುವೆಯೇ ನಿಲ್ಲಿಸಬೇಕು. ಹನಿಯ ತೂಕ, ಕೊಟ್ಟ ವೋಲ್ಟೇಜು, ತಟ್ಟೆಗಳ ಅಂತರ, ಇಷ್ಟು ಗೊತ್ತಿದ್ದರೆ ಅದರ ಮೇಲೆ ಎಷ್ಟು ವಿದ್ಯುದಾವೇಶವಿದೆ ಎಂದು ಲೆಕ್ಕ ಹಾಕಬಹುದು.

ಅಂತರವನ್ನು ಯಾರೂ ಅಳೆಯುತ್ತಿರಲಿಲ್ಲ. ಅದು ಉಪಕರಣದ ಮೇಲೆಯೇ ಅಚ್ಚಾಗಿತ್ತು. ಹಲವು ಹನಿಗಳ ಲೆಕ್ಕದಿಂದ ಕೊನೆಗೆ ಬರಬೇಕಾದ ಉತ್ತರ, ಅಂದರೆ ಒಂದು ಎಲೆಕ್ಟ್ರಾನಿನ ಆವೇಶ, ಅದೂ ಪುಸ್ತಕದಲ್ಲಿತ್ತು. ಹೀಗಾಗಿ ಮಕ್ಕಳು ಕಂಡದ್ದನ್ನು ಅಲ್ಲಿಷ್ಟು ಹಿಗ್ಗಿಸಿ ಇಲ್ಲಿಷ್ಟು ಕುಗ್ಗಿಸಿ ಪುಸ್ತಕದ ಉತ್ತರಕ್ಕೇ ಬಂದು ನಿಲ್ಲುತ್ತಿದ್ದರು. ಮೇಷ್ಟ್ರು ಅದನ್ನು ತಮ್ಮ ಪಾಠದ ಮಹಿಮೆ ಎಂದುಕೊಂಡು ಮೀಸೆಯಲ್ಲೇ ನಗುತ್ತಿದ್ದರು.

ಒಬ್ಬಳು ಮಾತ್ರ ಹಾಗೆ ಮಾಡಲಿಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಜೊತೆಯವರು ಅವಳನ್ನು ಮೌನಿ ಎನ್ನುತ್ತಿದ್ದರು. ಅವಳಿಗೆ ಪುಸ್ತಕದಲ್ಲಿದ್ದುದರ ಮೂರರಲ್ಲಿ ಎರಡು ಪಾಲು ಮಾತ್ರ ಬಂದಿತ್ತು.

"ಸರ್, ಯಾವ ಹನಿ ನೋಡಿದ್ರೂ ಲೆಕ್ಕ ಹೀಗೇ ಬರ್ತಿದೆ," ಎಂದಳು. "ನೀವೊಂದ್ಸಲ ಬಂದು ನೋಡ್ತೀರಾ?"

ಮೇಷ್ಟ್ರಿಗೆ ಆಗ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ ಎಂದು ಹೇಳಿ ಅವರನ್ನು ಪಾರು ಮಾಡಬಹುದು. ಆದರೆ ಅದು ಸುಳ್ಳು. ಅವರು ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದರು. ಎದ್ದು ಹೋಗಲು ಸೋಮಾರಿತನ, ಅದರ ಮೇಲೆ ಎಲ್ಲ ಬಲ್ಲೆನೆಂಬ ಕೊಬ್ಬು.

"ಊರಿಗೆಲ್ಲ ಒಂದು ದಾರಿ ಆದ್ರೆ ಈ ತಾಯಿಗೇ ಒಂದು ದಾರಿ," ಎಂದು ಎಲ್ಲರೆದುರು ನಕ್ಕರು. "ಉಪಕರಣ ಸರಿಯಾಗೇ ಇದೆ ಕಣಮ್ಮ. ಸರಿಯಿಲ್ಲದ್ದು ನಿನ್ನ ಕಣ್ಣು."

ಅವಳು ಕಂಡದ್ದನ್ನೇ ಬರೆದುಕೊಟ್ಟಳು. ಮೇಷ್ಟ್ರು ಫೇಲು ಮಾಡಿದರು. ಅವಳು ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ.

ನಿವೃತ್ತಿಯ ಹೊತ್ತಿಗೆ, ತಮ್ಮ ಪ್ರೀತಿಯ ಉಪಕರಣವನ್ನು ಶುಚಿಯಾಗಿ ಒಪ್ಪಿಸಿ ಹೋಗೋಣವೆಂದು ಮೇಷ್ಟ್ರು ತಟ್ಟೆಗಳನ್ನು ಬಿಚ್ಚಿದರು. ಉಂಗುರ ಯಾಕೋ ದಪ್ಪ ಅನಿಸಿತು. ಅಳೆದರೆ, ಅಚ್ಚಾಗಿದ್ದ ಅಂತರದ ಒಂದೂವರೆಯಷ್ಟಿತ್ತು. ಮೌನಿಯ ತಂಡ ಬರುವ ಮುಂಚೆ ಹಳೆಯ ಉಂಗುರ ಒಡೆದು, ಮೆಕ್ಯಾನಿಕ್ ಬೇರೆಯದನ್ನು ಕೂರಿಸಿದ್ದು ಆಗ ನೆನಪಾಯಿತು. ಅವನಿಗೆ ದಪ್ಪ ಎಷ್ಟಿರಬೇಕೆಂದು ಹೇಳಿದವರೇ ಇಲ್ಲ. ಅಂತರ ಅಷ್ಟು ಹೆಚ್ಚಿದ್ದು, ಲೆಕ್ಕಕ್ಕೆ ಮಾತ್ರ ಅಚ್ಚಿನ ಅಂಕಿಯನ್ನೇ ಹಿಡಿದರೆ ಉತ್ತರ ಮೂರರಲ್ಲಿ ಎರಡು ಪಾಲೇ ಬರಬೇಕು. ಅಂದಿನಿಂದ ಸರಿಯಾದ ಉತ್ತರ ಕೊಟ್ಟವರೆಲ್ಲ ಸುಳ್ಳು ಬರೆದಿದ್ದರು. ನಿಜ ಬರೆದವಳನ್ನು ಹುಡುಕಿ ಫೇಲು ಮಾಡಿದ್ದರು ಮೇಷ್ಟ್ರು.

ಅವರಿವರನ್ನು ವಿಚಾರಿಸಿ ಅವಳು ಕೆಲಸಕ್ಕಿದ್ದ ಬಟ್ಟೆ ಅಂಗಡಿಗೆ ಹೋದರು. ಅವಳ ಕೂದಲೂ ಅಲ್ಲಲ್ಲಿ ನರೆತಿತ್ತು. ಗುರುತು ಹಿಡಿದು ಸ್ಟೂಲು ಕೊಟ್ಟಳು. ಮೇಷ್ಟ್ರು ಕೂರದೆ ಎಲ್ಲವನ್ನೂ ಹೇಳಿದರು. "ನೀನು ಕಂಡದ್ದೇ ಸರಿ ಕಣಮ್ಮ. ತಪ್ಪೆಲ್ಲ ನಂದು."

"ಹೌದಾ ಸರ್?" ಎಂದಳು. "ಇದನ್ನ ಹೇಳೋಕೆ ಇಲ್ಲೀವರೆಗೂ ಬಂದ್ರಾ? ಬಿಡಿ, ಹಳೇ ಮಾತು."

ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಗಿರಾಕಿಯೊಬ್ಬರು ಮೂರು ಮೀಟರ್ ಬಟ್ಟೆ ಕೇಳಿದರು. ಅವಳು ಅಳತೆಕೋಲಿನಲ್ಲಿ ಅಳೆದಳು, ಇನ್ನೊಮ್ಮೆ ಅಳೆದಳು. ಕತ್ತರಿ ಎತ್ತಿಕೊಂಡವಳು ಅಲ್ಲೇ ತಡೆದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಂಗಡಿಯಾಕೆಯ ಕಡೆ ತಿರುಗಿದಳು.

"ಅಕ್ಕಾ, ಮೂರೇ ಇದೆಯಾ? ಒಂದ್ಸಲ ನೋಡ್ತೀರಾ?"

ಅಂಗಡಿಯಾಕೆ ಮೇಷ್ಟ್ರ ಕಡೆ ನೋಡಿ ನಕ್ಕರು. "ಸೇರಿದಾಗಿಂದ ಇವಳ ಅಳತೆ ಒಂದಿಂಚೂ ತಪ್ಪಿಲ್ಲ. ಆದ್ರೂ ನಾನು ಹೂಂ ಅನ್ನದೆ ಕತ್ತರಿ ಆಡಿಸಲ್ಲ. ಅದೇನು ಭಯಾನೋ."

"ಸರಿಯಾಗಿದೆ ಕಣಮ್ಮ," ಎಂದರು ಮೇಷ್ಟ್ರು. "ನಾನು ನೋಡಿದೀನಿ. ಕತ್ತರಿಸು."

ಅವಳು ಅವರತ್ತ ಮರ್ಯಾದೆಯಿಂದ ನಕ್ಕಳು. ಕತ್ತರಿಯನ್ನು ಹಾಗೇ ಹಿಡಿದುಕೊಂಡು, ಅಕ್ಕ ಎದ್ದು ಬರುವವರೆಗೂ ಕಾದಳು.