ಮೊಟ್ಟೆಗಳ್ಳಿಗೆ ಬೆಲ್ಲ ತಿನ್ನಿಸಿದ್ದು

ನಾನು ಶಾಲೆಯಲ್ಲಿ ಕೂತದ್ದು ಮೂರನೇ ಕ್ಲಾಸಿನವರೆಗೆ. ಆದರೂ ನನಗೆ ಗ್ರೀಕ್ ಬರುತ್ತದೆ, ಲ್ಯಾಟಿನ್ ಬರುತ್ತದೆ. ನಗುವವರು ನಗಲಿ, ನಾನೇನೂ ಸುಳ್ಳು ಹೇಳುತ್ತಿಲ್ಲ. ಟ್ರೈ ಎಂದರೆ ಮೂರು, ಕೆರಾಸ್ ಎಂದರೆ ಕೊಂಬು, ಆಪ್ಸ್ ಎಂದರೆ ಮುಖ. ಮೂರೂ ಸೇರಿದರೆ ಟ್ರೈಸೆರಾಟಾಪ್ಸ್, ಮೂರು ಕೊಂಬಿನ ಮುಖದ್ದು. ಸಾರಸ್ ಎಂದರೆ ಹಲ್ಲಿ, ನಮ್ಮ ಓತಿಕ್ಯಾತದ ಜಾತಿ. ಡೈನೋ ಎಂದರೆ ಕಂಡರೆ ಎದೆ ನಡುಗಿಸುವಂಥದ್ದು. ಇವೆಲ್ಲ ಗ್ರೀಕ್. ಓವಿ ಎಂದರೆ ಮೊಟ್ಟೆ, ರಾಪ್ಟರ್ ಎಂದರೆ ಕಿತ್ತುಕೊಂಡು ಓಡುವ ಕಳ್ಳ. ಇವು ಲ್ಯಾಟಿನ್. ನಾನು ಹಾಲು ಕರೆಯುತ್ತಾ ಕೂತಿರುವಾಗ ಹಿಂದೆ ನಿಂತು ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಮೊಮ್ಮಗಳು. ಅವಳ ವಿಷಯ ಹೇಳಲು ಶುರು ಮಾಡಿದರೆ ನನಗೆ ಬಾಯಿ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ನಮ್ಮ ಹಳ್ಳಿ ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಹಟ್ಟಿಯಲ್ಲಿ ದನ. ಹುಳು ಗೂಡು ಕಟ್ಟಿದರೆ ಮೂಟೆ ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವಳು ನನ್ನ ಮಗಳು. ದನ ನನ್ನ ಪಾಲು. ದನಕ್ಕೆ ಹೆಸರಿಡುವುದೂ ನಮ್ಮಲ್ಲಿ ಹಾಲು ಕರೆಯುವವಳ ಹಕ್ಕು. ಕಣ್ಣಿಗೆ ಕಂಡದ್ದೇ ಹೆಸರು. ಕೊಂಬು ಬಾಗಿದ್ದರೆ ಬಾಗುಗೊಂಬಿ, ಹಣೆಯಲ್ಲಿ ಬಿಳಿ ಮಚ್ಚೆ ಇದ್ದರೆ ಚುಕ್ಕಿ. ಸಂತೆಯಿಂದ ಕೊಂಡು ತಂದ ಹಸುವಿಗೆ ಹಳೆಯ ಮನೆಯವರು ಕೆಟ್ಟ ಹೆಸರು ಇಟ್ಟಿದ್ದರೆ ಅದನ್ನು ಹೊಸಿಲಿನ ಒಳಗೆ ತರುವುದಿಲ್ಲ. ಕಾಲಿಗೆ ಅರಿಶಿನದ ನೀರು ಹಾಕಿ, ಬೆಲ್ಲ ತಿನ್ನಿಸಿ, ಕಿವಿಯಲ್ಲಿ ಹೊಸ ಹೆಸರು ಹೇಳುತ್ತೇವೆ. ನಿಂತು ನೋಡಿದವರಿಗೆಲ್ಲ ಅದೇ ಬೆಲ್ಲವನ್ನು ಹಂಚುತ್ತೇವೆ. ಆ ಬೆಲ್ಲ ತಿಂದವರು ಆಮೇಲೆ ಹಳೆಯ ಹೆಸರು ಹಿಡಿದು ಕರೆಯುವಂತಿಲ್ಲ. ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು. ಹೀಗೆ ಒದೆಗಾಲಿ ಎನ್ನಿಸಿಕೊಂಡು ಬಂದವಳನ್ನು ನಾವು ಗೌರಿ ಮಾಡಿದೆವು. ಹೆಸರು ಬದಲಾದ ಮೇಲೂ ಅವಳು ನನ್ನ ಚೊಂಬಿಗೆ ಒದ್ದದ್ದುಂಟು, ಅದು ಬೇರೆ ಮಾತು.

ಇನ್ನು ನನ್ನ ಮಗಳ ಮಾತು. ಎಂಬತ್ತರ ದಶಕದಲ್ಲಿ ಅವಳನ್ನು ಗೌರಿಬಿದನೂರಿನ ಕಡೆ ಕೊಟ್ಟೆವು. ಹೆಣ್ಣು ಮಗು ಹುಟ್ಟಿತು. ಮಗುವಿಗೆ ಹಲ್ಲು ಬರುವ ಮೊದಲೇ ಗಂಡನ ಮನಸ್ಸು ಬೇರೆ ಕಡೆ ಹೋಗಿತ್ತು. ಆ ಮನೆಯ ಹಿರೀಸೊಸೆಗೆ ಮಕ್ಕಳಿರಲಿಲ್ಲ. ಅತ್ತೆಯಾದವಳು ಒಂದು ತೀರ್ಮಾನ ಮಾಡಿದಳು: ಮಗುವನ್ನು ಹಿರೀಸೊಸೆಯ ಮಡಿಲಿಗೆ ಹಾಕುವುದು, ನನ್ನ ಮಗಳನ್ನು ತವರಿಗೆ ಕಳಿಸುವುದು. ನನ್ನ ಮಗಳು ಯಾರ ಹತ್ತಿರವೂ ಜಗಳವಾಡಲಿಲ್ಲ. ಹಗಲು ಹೊತ್ತಿನಲ್ಲೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಂಚೇನಹಳ್ಳಿಯವರೆಗೆ ನಡೆದು, ಬಸ್ಸು ಹತ್ತಿ ಬಂದುಬಿಟ್ಟಳು. ಅವಳ ಹಿಂದೆಯೇ ಮಾತೂ ಬಸ್ಸು ಹತ್ತಿ ಬಂತು. ಮಗು ಕದ್ದುಕೊಂಡು ಓಡಿದವಳು ಅಂತ. ಕನ್ನಡದಲ್ಲಿ ಕಳ್ಳಿ, ತೆಲುಗಿನಲ್ಲಿ ದೊಂಗ. ನಮ್ಮ ಕಡೆ ಬೈಗುಳಕ್ಕೆ ಎರಡು ಭಾಷೆ ಇರುವುದೇ ಒಂದು ಕಷ್ಟ. ಮಗು ದೊಡ್ಡದಾಗಿ ಶಾಲೆಗೆ ಹೋದರೆ ಅಲ್ಲಿಯೂ ಕಳ್ಳಿಯ ಮಗಳು. ಪೆನ್ಸಿಲ್ ಕಳೆದರೆ ಎಲ್ಲರ ಕಣ್ಣೂ ಮೊದಲು ಅವಳ ಚೀಲದ ಮೇಲೆ. ಮಗಳು ಹೊರಗೆ ಒಂದು ಮಾತೂ ಆಡದೆ ಸೊಪ್ಪು ಕೊಯ್ಯುತ್ತಿದ್ದಳು, ಹುಳುವಿಗೆ ಹಾಕುತ್ತಿದ್ದಳು. ಮಾರುಕಟ್ಟೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಎಲ್ಲಿ ನೋಡಿದರೂ ಡೈನೋಸಾರ್ ಬಂತು. ಚಿಂತಾಮಣಿ ಸಂತೆಯಲ್ಲಿ ಪ್ಲಾಸ್ಟಿಕ್ಕಿನದ್ದು, ಬಬಲ್‌ಗಮ್ಮಿನ ಕಾಗದದಲ್ಲಿ ಅಂಟಿಸುವಂಥದ್ದು, ಮಕ್ಕಳ ಅಂಗಿಯ ಮೇಲೆ ಹಲ್ಲು ಕಿಸಿದದ್ದು. ಮೊಮ್ಮಗಳು ಆಗ ಏಳನೇ ಕ್ಲಾಸು. ಅವಳ ವಿಜ್ಞಾನದ ಮೇಷ್ಟ್ರು ವಸ್ತುಪ್ರದರ್ಶನಕ್ಕೆ ಅವಳನ್ನು ಆರಿಸಿ, ಡೈನೋಸಾರ್‌ಗಳ ಹೆಸರಿನ ಅರ್ಥ ಹೇಳುವ ಕೆಲಸ ಕೊಟ್ಟರು. ಓದಲು ಒಂದಷ್ಟು ಪತ್ರಿಕೆ ಕೊಟ್ಟು ಕಳಿಸಿದರು.

ಆ ಹೆಸರುಗಳು ಮೊದಲು ಅವಳ ನಾಲಿಗೆಯಲ್ಲಿ ನಿಲ್ಲಲಿಲ್ಲ. ಅಳುವುದೊಂದು ಬಾಕಿ. ನಾನು ಹಟ್ಟಿಯಲ್ಲಿದ್ದೆ. ಬಾರೇ ಇಲ್ಲಿ, ಕೊಚ್ಚಿ ಕೊಚ್ಚಿ ಹೇಳು, ಕಬ್ಬು ತುಂಡು ಮಾಡಿದ ಹಾಗೆ ಅಂದೆ. ಮೂರು, ಕೊಂಬು, ಮುಖ ಅಂತ ಅವಳು ಹೇಳಿದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಇಷ್ಟೇನಾ! ನಾವು ಬಾಗುಗೊಂಬಿ ಅಂದ ಹಾಗೆಯೇ ಆ ವಿದ್ವಾಂಸರೂ ನೋಡಿದ್ದಾರೆ, ಕಂಡದ್ದನ್ನು ಅಂದಿದ್ದಾರೆ. ಅವರ ದೂರದ ಭಾಷೆಯಲ್ಲಿ ಅಂದಿದ್ದಕ್ಕೆ ದೊಡ್ಡದಾಗಿ ಕೇಳಿಸಿತು. ಆಮೇಲೆ ದಿನಾ ಸಂಜೆ ಇದೇ ಆಟ. ಸ್ಟೆಗೋಸಾರಸ್ ಎಂದರೆ ಬೆನ್ನ ಮೇಲೆ ಹೆಂಚು ಹೊದಿಸಿದ್ದು. ಟೈರನೋಸಾರಸ್ ಎಂದರೆ ದಬ್ಬಾಳಿಕೆಯ ದೊರೆ. ಮಯಸಾರ ಎಂಬುದು ನನಗೆ ತುಂಬ ಹಿಡಿಸಿತು. ಅದಕ್ಕೆ ಒಳ್ಳೆ ತಾಯಿ ಎಂದು ಅರ್ಥ, ಗೂಡಿನ ಹತ್ತಿರ ಮರಿಗಳ ಜೊತೆಯಲ್ಲೇ ಎಲುಬು ಸಿಕ್ಕಿದ್ದಕ್ಕೆ ಆ ಹೆಸರು.

ಒಂದು ಸಂಜೆ ಅವಳು ಓವಿರಾಪ್ಟರ್‌ನ ಕಥೆ ತಂದಳು. ಮಂಗೋಲಿಯಾ ಅನ್ನುವ ದೇಶದ ಮರಳುಗಾಡಿನಲ್ಲಿ, ಬಹಳ ಹಿಂದೆ, ಒಂದು ಮೊಟ್ಟೆಯ ಗೂಡಿನ ಮೇಲೆ ಅದರ ಎಲುಬು ಸಿಕ್ಕಿತಂತೆ. ಮೊಟ್ಟೆ ಬೇರೆ ಯಾವುದೋ ಪ್ರಾಣಿಯದ್ದು, ಇದು ಕದಿಯಲು ಬಂದು ಸತ್ತಿದೆ ಎಂದುಕೊಂಡು ಮೊಟ್ಟೆಗಳ್ಳ ಎಂದು ಹೆಸರಿಟ್ಟರಂತೆ. ಈಗ ಅಂಥದ್ದೇ ಇನ್ನೊಂದು ಮೊಟ್ಟೆಯೊಳಗೆ ಇದರ ಜಾತಿಯದ್ದೇ ಮರಿ ಸಿಕ್ಕಿದೆ. ಇನ್ನೊಂದು ಕಡೆ ಕೋಳಿಯ ಹಾಗೆ ಕಾವು ಕೂತು, ತೋಳು ಚಾಚಿ ಮೊಟ್ಟೆಗಳನ್ನು ಮುಚ್ಚಿಕೊಂಡೇ ಸತ್ತದ್ದೂ ಸಿಕ್ಕಿದೆ.

"ಅದು ಕಳ್ಳತನ ಮಾಡೇ ಇಲ್ಲ ಅಜ್ಜಿ. ಅದು ಕೂತಿದ್ದಿದ್ದು ಅದರದ್ದೇ ಮೊಟ್ಟೆ ಮೇಲೆ."

"ಮತ್ತೆ ಹೆಸರು?"

"ಹೆಸರು ಹಂಗೇ ಇರುತ್ತೆ. ಒಂದ್ಸಲ ಇಟ್ಟ ಮೇಲೆ ತಪ್ಪು ಅಂತ ಗೊತ್ತಾದ್ರೂ ಬದಲಾಯ್ಸಂಗಿಲ್ಲ. ಅದು ರೂಲ್ಸು."

"ಯಾರದ್ದೇ ರೂಲ್ಸು?"

"ಸೈನ್ಸ್‌ದು."

"ಸೈನ್ಸಿಗೆ ಹೆತ್ತೋಳು ಯಾರೂ ಇಲ್ವೇನೇ?"

ಮೊಮ್ಮಗಳು ನಕ್ಕಳು. ಆಚೆ ಕಡೆ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದ ಮಗಳ ಕೈ ನಿಂತುಹೋಗಿತ್ತು. ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ಆ ಮಯಸಾರ, ಈ ಓವಿರಾಪ್ಟರ್, ಇಬ್ಬರೂ ತಾಯಂದಿರೇ. ಒಬ್ಬಳು ಒಳ್ಳೆ ತಾಯಿ, ಇನ್ನೊಬ್ಬಳು ಕಳ್ಳಿ. ಕಂಡವರು ಕೇಳದೆ ಕೊಟ್ಟ ಹೆಸರನ್ನು ಎಲುಬಾದ ಮೇಲೂ ಹೊರಬೇಕು ಅಂದರೆ ನಾನು ಒಪ್ಪುವುದಿಲ್ಲ. ಆವತ್ತೂ ಒಪ್ಪಲಿಲ್ಲ, ಇವತ್ತೂ ಇಲ್ಲ.

ಕೆರೆಯ ಜೇಡಿಮಣ್ಣು ತಂದು ಅಜ್ಜಿ ಮೊಮ್ಮಗಳು ಆ ಪ್ರಾಣಿಯನ್ನು ಮಾಡಿದೆವು. ಮೊಟ್ಟೆಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಮಗಳೇ ಎದ್ದು ಬಂದು, ಹುಳು ಗೂಡು ಕಟ್ಟುವ ಬಿದಿರ ಚಂದ್ರಿಕೆಯಿಂದ ಒಳ್ಳೊಳ್ಳೆಯ ಗೂಡುಗಳನ್ನು ಬಿಡಿಸಿ ಮಡಿಲು ತುಂಬ ತಂದಳು. ಉದ್ದುದ್ದ ಮೊಟ್ಟೆ, ಚಿತ್ರದಲ್ಲಿದ್ದ ಹಾಗೆಯೇ. ಪ್ರಾಣಿಯನ್ನು ಚಿಕ್ಕದೊಂದು ಬಿದಿರ ತಟ್ಟೆಯಲ್ಲಿ ಕೂರಿಸಿ, ಸುತ್ತಲೂ ಬಳೆಯಂತೆ ಜೋಡಿಸಿಟ್ಟಳು. ಆಮೇಲೆ, ಪ್ರದರ್ಶನ ಎಲ್ಲೇ ಅಂತ ಕೇಳಿದಳು.

ಗೌರಿಬಿದನೂರು ಅಂದಳು ಮೊಮ್ಮಗಳು.

"ಆ ಊರಿಗೆ ಬೇಡ" ಅಂದಳು ಮಗಳು. "ಅಲ್ಲಿ ಅವರೆಲ್ಲ ಇರ್ತಾರೆ. ಮಗೂನ ನೋಡಿ ಬಾಯಿಗೆ ಬಂದಂಗೆ ಅಂತಾರೆ."

"ಅನ್ಲಿ. ನೀನೇನು ಅವರ ಮನೆ ತಪ್ಪಲೆ ಎತ್ಕೊಂಡು ಬಂದ್ಯೇನೇ? ನಿನ್ನ ಹೊಟ್ಟೇದು ನೀನು ಎತ್ಕೊಂಡು ಬಂದೆ. ನಾಳೆ ಅವಳು ಹೋಗ್ತಾಳೆ, ನಾನು ಹೋಗ್ತೀನಿ. ನೀನು ಬಂದ್ರೆ ತಟ್ಟೆ ಹಿಡ್ಕೋ, ಬರ್ದಿದ್ರೆ ದನ ನೋಡ್ಕೋ."

ಬೆಳಿಗ್ಗೆ ಅವಳು ತಟ್ಟೆ ಹಿಡಿದುಕೊಂಡಿದ್ದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದಾಗ ಕಂಡಕ್ಟರು ಅವಳ ತೊಡೆಯ ಮೇಲಿನ ಮಣ್ಣಿನ ಪ್ರಾಣಿ ನೋಡಿ, ಕೋಳಿಗೂ ಟಿಕೀಟು ತಗೋಬೇಕಮ್ಮ ಅಂದ. ಕೋಳಿ ಅಲ್ಲ ಅಣ್ಣ, ಕೋಳಿಗೆ ಮುತ್ತಜ್ಜಿ ಅಂದಳು ಮೊಮ್ಮಗಳು. ಹಂಗಾದ್ರೆ ವಯಸ್ಸಾದವ್ರು, ಕೂರ್ಲಿ ಬಿಡಿ ಎಂದು ಅವನು ಮುಂದೆ ಹೋದ. ಮಂಚೇನಹಳ್ಳಿ ಬಂದಾಗ ಮಗಳು ತಲೆ ತಗ್ಗಿಸಿ ಗೂಡುಗಳನ್ನು ಸರಿ ಮಾಡುತ್ತಿದ್ದಳು. ಸರಿಯಾಗಿದ್ದವನ್ನೇ ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು.

ಪ್ರದರ್ಶನ ನಡೆದದ್ದು ಒಂದು ದೊಡ್ಡ ಶಾಲೆಯಲ್ಲಿ. ಪಕ್ಕದ ಮೇಜಿನಲ್ಲಿ ಯಾರೋ ಮಾಡಿದ ಜ್ವಾಲಾಮುಖಿ ನೊರೆ ಕಾರುತ್ತಿತ್ತು, ಜನ ಎಲ್ಲ ಅಲ್ಲಿ. ಮಗಳು ಗೋಡೆಗೆ ಒರಗಿ ನಿಂತಳು. ತೀರ್ಪು ಕೊಡಲು ಬಂದ ಮೇಡಂ ನಮ್ಮ ಮೇಜಿನ ಮುಂದೆ ನಿಂತಾಗ ಮೊಮ್ಮಗಳು ಮೂರು ಕೊಂಬಿನದ್ದು, ಹೆಂಚಿನದ್ದು, ದೊರೆಯದ್ದು, ಒಳ್ಳೆ ತಾಯಿಯದ್ದು ಎಲ್ಲ ಗ್ರೀಕಿನ ಸಮೇತ ತಡವರಿಸದೆ ಹೇಳಿದಳು. ಕೊನೆಗೆ ಮಣ್ಣಿನ ಪ್ರಾಣಿಯ ಬೆನ್ನ ಮೇಲೆ ಕೈಯಿಟ್ಟಳು.

"ಇದಕ್ಕೆ ಹೆಸರಿಟ್ಟೋರು ಮೊಟ್ಟೆ ನೋಡಿದ್ರು, ಎಲುಬು ನೋಡಿದ್ರು. ಮೊಟ್ಟೆ ಯಾರದ್ದು ಅಂತ ಅವ್ರಿಗೆ ಗೊತ್ತಿರ್ಲಿಲ್ಲ, ಆದ್ರೂ ಕಳ್ಳ ಅಂದ್ಬಿಟ್ರು. ಸೈನ್ಸಲ್ಲಿ ಆ ಹೆಸರು ಹಂಗೇ ಇರ್ಲಿ. ನಮ್ಮನೇಲಿ ಮಾತ್ರ ಇವಳಿಗೆ ಕಾವಮ್ಮ ಅಂತ ಇಟ್ಟಿದ್ದೀವಿ."

ಹಾಗೆಂದು ನಮ್ಮ ಹಟ್ಟಿಯ ಪದ್ಧತಿ ಹೇಳಿ, ಅಲ್ಲೇ ಚೊಂಬಿನಲ್ಲಿ ಅರಿಶಿನ ಕಲಸಿ ಆ ನೀರನ್ನು ಅದರ ಕಾಲಿಗೆ ಚಿಮುಕಿಸಿ, ತನ್ನ ಚೀಲದಿಂದ ಬೆಲ್ಲದ ತಟ್ಟೆ ತೆಗೆದು ಕೊಕ್ಕಿಗೆ ಬೆಲ್ಲ ಮುಟ್ಟಿಸಿ, ಕಿವಿ ಇರಬೇಕಾದ ಜಾಗದಲ್ಲಿ ಬಾಯಿಟ್ಟು ಹೆಸರು ಹೇಳಿದಳು. ಹೀಗೆ ಮಾಡುತ್ತಾಳೆಂದು ನನಗೇ ಹೇಳಿರಲಿಲ್ಲ! ಮೇಡಂ ನಗುತ್ತಾ, ಇದು ವಿಜ್ಞಾನ ಆಗುವುದಿಲ್ಲವಲ್ಲಮ್ಮ, ನಂಬರು ಕಡಿಮೆಯಾಗುತ್ತೆ ಅಂದರು. ಆದರೂ ಬೆಲ್ಲ ತಿಂದರು. ಜ್ವಾಲಾಮುಖಿಯ ಹತ್ತಿರ ಇದ್ದವರೂ ಬೆಲ್ಲಕ್ಕೆ ಈ ಕಡೆ ಬಂದರು.

ಆ ಗುಂಪಿನಲ್ಲಿ ಅವಳಿದ್ದಳು, ನನ್ನ ಮಗಳ ಅತ್ತೆ. ಸುದ್ದಿ ಯಾರು ಮುಟ್ಟಿಸಿದರೋ, ಮೊಮ್ಮಗಳನ್ನು ನೋಡಲೆಂದೇ ಬಂದಿದ್ದಳೋ, ನಾನು ಕೇಳಲಿಲ್ಲ. ಮುದುಕಿಯಾಗಿದ್ದಳು, ನನ್ನ ಹಾಗೆಯೇ. ಮೊಮ್ಮಗಳಿಗೆ ಅವಳ ಮುಖ ಗೊತ್ತಿಲ್ಲ. ಯಾರ ಮಗಳಮ್ಮ ನೀನು ಎಂದು ಮುದುಕಿ ಕೇಳಿದಳು. ಮೊಮ್ಮಗಳು ಗೋಡೆಯ ಕಡೆ ಬೆರಳು ತೋರಿಸಿ, ಅಗೋ ಅವರ ಮಗಳು, ಈ ಮೊಟ್ಟೆ ಎಲ್ಲ ಅವರೇ ಬೆಳೆದಿದ್ದು ಅಂದಳು. ಅಂದು ಬೆಲ್ಲದ ತಟ್ಟೆ ಮುಂದೆ ಹಿಡಿದಳು.

"ಯೋಚ್ನೆ ಮಾಡಿ ತಗೊಳ್ಳಿ ಅಜ್ಜಿ. ತಿಂದ್ರೆ ಇನ್ಮೇಲೆ ಕಳ್ಳಿ ಅನ್ನಂಗಿಲ್ಲ."

ಮುದುಕಿಯೂ ನಮ್ಮ ಸೀಮೆಯವಳೇ, ಆ ಬೆಲ್ಲ ಏನೆಂದು ಚೆನ್ನಾಗಿ ಬಲ್ಲವಳು. ಒಂದು ತುಂಡು ಎತ್ತಿಕೊಂಡಳು, ಕೈಯಲ್ಲೇ ಹಿಡಿದು ನಿಂತಳು. ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹಾಗೆ ಮಾಡಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ, ಆ ಶಾಲೆಯ ಹೆಂಚು ಹಾರಿಹೋಗುವ ಹಾಗೆ ಮಾತಾಡುತ್ತಿದ್ದೆ. ಅವಳು ಗೋಡೆಯ ಕಡೆ ನೋಡಿದಳು. ನನ್ನ ಮಗಳು ಈ ಸಲ ತಲೆ ತಗ್ಗಿಸಲಿಲ್ಲ, ನೆಟ್ಟಗೆ ನಿಂತು ಅವಳನ್ನೇ ನೋಡಿದಳು. ಮುದುಕಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಚೆನ್ನಾಗಿ ಓದಮ್ಮ ಎಂದು ಹೇಳಿ ಹೊರಟುಹೋದಳು.

ಬಹುಮಾನ ಜ್ವಾಲಾಮುಖಿಗೆ ಹೋಯಿತು. ಹೋಗಲಿ. ಅವಳು ಬೆಲ್ಲ ತಿಂದದ್ದನ್ನು ನಾನು ಊರಿಗೆಲ್ಲ ಹೇಳಿದ್ದೇನೆ, ಇಂದಿಗೂ ಹೇಳುತ್ತೇನೆ. ಆ ಕಡೆಯಿಂದ ಆ ಮಾತು ಮತ್ತೆ ಬರಲಿಲ್ಲ.

ವಾಪಸ್ಸು ಬರುವಾಗ ಮಗಳು ಬಸ್ಸು ಹತ್ತಿದವಳೇ ಕಿಟಕಿಯ ಪಕ್ಕ ಕೂತಳು. ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಮುಖ ಹೊರಗೆ ಹಾಕಿ ಆ ನಿಲ್ದಾಣವನ್ನು ನೋಡುತ್ತಿದ್ದಳು. ಬೆಲ್ಲ ಉಳಿದಿದೆಯೇನೇ ಅಂತ ಮೊಮ್ಮಗಳನ್ನು ಕೇಳಿದಳು. ಬೆಲ್ಲದ ತಟ್ಟೆಯ ತಳದಲ್ಲಿ ಒಂದು ಚೂರಿತ್ತು. ಅದನ್ನು ತಗೊಂಡು ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷ ಅವಳೂ ಒಳಗೊಳಗೆ ತನ್ನನ್ನು ಆ ಹೆಸರಿನಿಂದಲೇ ಕರೆದುಕೊಂಡಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಚಿಕ್ಕಬಳ್ಳಾಪುರ ಬರುವವರೆಗೂ ಮೊಮ್ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕಾವಮ್ಮನನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ನಾನು ಹಿಂದಿನ ಸೀಟಿನವರಿಗೆ ಗ್ರೀಕ್ ಹೇಳಿಕೊಡುತ್ತಿದ್ದೆ.